ಬಳ್ಳಾರಿಯ ಕೃಷ್ಣದೇವರಾಯ ವಿವಿಯಲ್ಲಿ ಎಂ.ಎ. ಅರ್ಜಿ ಹಾಕೋಕೆ ಏನೇನು ಬೇಕು?

ನೀವು ಕೇಳಿದ್ದು ಇಷ್ಟು: ಊರು ಗಂಗಾವತಿ ಹತ್ತಿರ, ಬಿ.ಎ. ಕೊನೆ ಸೆಮಿಸ್ಟರ್, ಬಳ್ಳಾರಿಯಲ್ಲಿ ಎಂ.ಎ. ಅರ್ಥಶಾಸ್ತ್ರ ಮಾಡಬೇಕು. ಸೈಬರ್ ಸೆಂಟರ್‌ನವರು "ಅಧಿಸೂಚನೆ ಬಂದ ಮೇಲೆ ಬಾ, ಎಲ್ಲಾ ನಾನೇ ನೋಡ್ಕೋತೀನಿ" ಅಂದಿದ್ದಾರೆ. ಅಲ್ಲಿತನಕ ಸುಮ್ನೆ ಇರಬಹುದಾ?

ಇರಬೇಡಿ. ನಾನೂ ನಿಮ್ಮ ಕಡೆಯವನೇ, ಅದೇ ಕ್ಯಾಂಪಸ್ಸಿನಲ್ಲಿ ಓದಿದವನು. ಈಗಲೂ ನಮ್ಮ ಓಣಿಯ ಹುಡುಗರು ಅರ್ಜಿ ಹಾಕುವಾಗ ಜೊತೆಗೆ ಕೂರುತ್ತೇನೆ. ಅರ್ಜಿ ತುಂಬೋದು ಅರ್ಧ ಗಂಟೆಯ ಕೆಲಸ. ಕೈಯಲ್ಲಿ ಕಾಗದ ಇಲ್ಲದಿದ್ದರೆ ಆ ಅರ್ಧ ಗಂಟೆ ಬರೋದೇ ಇಲ್ಲ.

ಮೊದಲು 371 ಜೆ ಸರ್ಟಿಫಿಕೇಟ್, ಅಂದರೆ ಸಂವಿಧಾನದ ಆ ವಿಧಿಯಡಿ ನೀವು ಕಲ್ಯಾಣ ಕರ್ನಾಟಕದವರು ಅನ್ನೋದಕ್ಕೆ ಕಾಗದ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿರುವ ವಿಶ್ವವಿದ್ಯಾಲಯಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70 ಸೀಟು ಮೀಸಲು. "ನಾನು ಇಲ್ಲೇ ಹುಟ್ಟಿದವನು, ಶಾಲೆ ದಾಖಲೆ ಇದೆಯಲ್ಲ" ಅಂದರೆ ನಡೆಯಲ್ಲ. ಸಹಾಯಕ ಆಯುಕ್ತರು, ಅಂದರೆ ನಮ್ಮವರು ಎಸಿ ಅನ್ನುತ್ತಾರಲ್ಲ, ಅವರು ಕೊಟ್ಟ ಸರ್ಟಿಫಿಕೇಟೇ ಬೇಕು. ನಿಮಗೆ ಕೊಪ್ಪಳದ ಎಸಿ ಕಚೇರಿ. ಅರ್ಜಿ ಹಾಕಿದ ಮೇಲೆ ಅದು ಊರಿನ ವಿಎ (ಗ್ರಾಮ ಆಡಳಿತಾಧಿಕಾರಿ), ಆರ್‌ಐ (ಕಂದಾಯ ನಿರೀಕ್ಷಕ), ತಹಶೀಲ್ದಾರ್ ಹೀಗೆ ಒಬ್ಬೊಬ್ಬರ ಟೇಬಲ್ ದಾಟಿ ಮೇಲಕ್ಕೆ ಹೋಗುತ್ತದೆ. ನಡುವೆ ಚುನಾವಣೆಯೋ ಸರ್ವೇ ಕೆಲಸವೋ ಬಂದರೆ ಫೈಲು ಅಲ್ಲೇ ಕೂತಿರುತ್ತದೆ. ಅದಕ್ಕೇ ಇವತ್ತೇ ಹಾಕಿ ಅನ್ನೋದು. ವ್ಯಾಸಂಗ ಪ್ರಮಾಣಪತ್ರ, ರೇಷನ್ ಕಾರ್ಡ್, ಅಪ್ಪ ಅಮ್ಮನ ದಾಖಲೆ ಜೋಡಿಸಿಟ್ಟುಕೊಳ್ಳಿ. ಈಗಾಗಲೇ ಮಾಡಿಸಿದ್ದರೆ ಬಚಾವ್. ಮುಂದೆ ಧಾರವಾಡಕ್ಕೋ ಮೈಸೂರಿಗೋ ಹಾಕಿದರೂ ಅಲ್ಲಿ ನೂರಕ್ಕೆ 8 ಸೀಟು ನಮ್ಮವರಿಗಿದೆ. ಸರ್ಕಾರಿ ಕೆಲಸದಲ್ಲಿ ನಮ್ಮ ಭಾಗದ ಮೀಸಲಿಗೂ 371 ಜೆ ಸರ್ಟಿಫಿಕೇಟ್ ಕೇಳುತ್ತಾರೆ.

ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಪಿಯುಸಿಯಲ್ಲಿ ಮಾಡಿಸಿದ್ದು ಇನ್ನೂ ಚಾಲ್ತಿಯಲ್ಲಿದೆಯಾ ನೋಡಿ. ಆದಾಯದ್ದು 5 ವರ್ಷಕ್ಕೆ ಮುಗಿಯುತ್ತದೆ. ಆ ಪತ್ರಗಳ ಮೇಲಿರುವ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ, ಸ್ಕಾಲರ್‌ಶಿಪ್‌ಗೂ ಅದನ್ನೇ ಕೇಳುತ್ತಾರೆ. ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದಕ್ಕೆ ಇರುವ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರಗಳನ್ನು ಹಳೇ ಶಾಲೆಯಲ್ಲಿ ತುಂಬಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿ. ಶಾಲೆಗೆ ರಜೆ ಬಿದ್ದರೆ ಹೆಡ್‌ಮಾಸ್ತರರನ್ನು ಹುಡುಕಿಕೊಂಡು ತಿರುಗಬೇಕಾಗುತ್ತದೆ.

ಇನ್ನೊಂದು ವಿಷಯ ಕೊಪ್ಪಳ ಜಿಲ್ಲೆಯವರಿಗೇ ಹೇಳಬೇಕಾದ್ದು. ಬಳ್ಳಾರಿ ವಿವಿ 2010ರಲ್ಲಿ ಶುರುವಾದಾಗ ಕೊಪ್ಪಳದ ಕಾಲೇಜುಗಳೂ ಅದರ ಕೆಳಗೇ ಇದ್ದವು. ಆಮೇಲೆ ಕೊಪ್ಪಳಕ್ಕೆ ಬೇರೆ ವಿಶ್ವವಿದ್ಯಾಲಯ ಆಯಿತು. ನಿಮ್ಮ ಅಂಕಪಟ್ಟಿಯ ತಲೆಯ ಮೇಲೆ ಯಾವ ಹೆಸರಿದೆ ನೋಡಿ. ಕೊಪ್ಪಳ ವಿವಿ ಅಂತಿದ್ದರೆ ಬಳ್ಳಾರಿಗೆ ನೀವು ಹೊರಗಿನ ವಿವಿಯವರು, ನಿಮ್ಮ ವಿವಿಯಿಂದ ಮೈಗ್ರೇಷನ್ ಸರ್ಟಿಫಿಕೇಟ್ (ವಲಸೆ ಪ್ರಮಾಣಪತ್ರ) ತರಬೇಕು.

ಅರ್ಜಿ ಹಾಕೋದು ಯುಯುಸಿಎಂಎಸ್‌ನಲ್ಲಿ, ಅಂದರೆ ರಾಜ್ಯದ ವಿವಿಗಳಿಗೆಲ್ಲ ಇರುವ ಆನ್‌ಲೈನ್ ಪೋರ್ಟಲ್‌ನಲ್ಲಿ. ಡಿಗ್ರಿಗೆ ಬಳಸಿದ್ದೇ ತಾಣ, ಪಾಸ್‌ವರ್ಡ್ ಮರೆತಿದ್ದರೆ ಈಗಲೇ ಸರಿಮಾಡಿಕೊಳ್ಳಿ. ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಇಂಗ್ಲಿಷ್ ಹೆಸರನ್ನು ಅಕ್ಷರ ಅಕ್ಷರ ಓದಿ. ಒಂದರಲ್ಲಿ ಮಂಜುನಾಥ ಅನ್ನೋ ಹೆಸರಿನ ಕೊನೆಗೆ 'ಎ' ಇರುತ್ತದೆ, ಇನ್ನೊಂದರಲ್ಲಿ ಇರಲ್ಲ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು. ತಿದ್ದಿಸೋದಾದರೆ ಆಧಾರ್ ತಿದ್ದಿಸಿ, ಅಂಕಪಟ್ಟಿಗೆ ಕೈ ಹಾಕೋಕೆ ಹೋಗಬೇಡಿ.

ಸೈಬರ್‌ನಲ್ಲೇ ತುಂಬಿಸಿ, ತಪ್ಪೇನಿಲ್ಲ. ಆದರೆ ಮೊಬೈಲ್ ನಂಬರ್, ಇ-ಮೇಲ್ ನಿಮ್ಮದೇ ಇರಲಿ. ನಮ್ಮ ಓಣಿಯ ಒಬ್ಬ ಹುಡುಗಿಯ ಅರ್ಜಿಯಲ್ಲಿ ಸೈಬರ್‌ನವ ಅವಸರಕ್ಕೆ ತನ್ನ ನಂಬರ್ ಹಾಕಿಬಿಟ್ಟಿದ್ದ. ಕೌನ್ಸೆಲಿಂಗ್ ಮೆಸೇಜ್ ಅವನ ಫೋನಿಗೆ ಬಂತು, ಅವನು ನೋಡಲೇ ಇಲ್ಲ. ಇವಳಿಗೆ ಗೊತ್ತಾಗೋ ಹೊತ್ತಿಗೆ ದಿನಾಂಕ ಮುಗಿದಿತ್ತು. ಆ ವರ್ಷ ಹೋಯಿತು. ಅವನನ್ನು ಬೈದು ಏನು ಮಾಡೋದು?

ಅಧಿಸೂಚನೆ ಬಂದ ದಿನ ಪಿಡಿಎಫ್ ಪೂರ್ತಿ ನೀವೇ ಓದಿ, ವಾಟ್ಸಾಪ್ ಗ್ರೂಪಿನ ಮಾತು ನಂಬಬೇಡಿ. ಕೊನೆ ಸೆಮಿಸ್ಟರ್ ಫಲಿತಾಂಶ ಬಾರದವರೂ ಹಾಕಬಹುದಾ, ಪ್ರವೇಶ ಪರೀಕ್ಷೆ ಇದೆಯಾ, ಇದ್ದರೆ ಯಾವತ್ತು, ಎಲ್ಲಾ ಅದರಲ್ಲೇ ಇರುತ್ತದೆ.

ಹಾಸ್ಟೆಲ್ ತಾನಾಗಿ ಸಿಗುತ್ತದೆ ಅಂತ ಜಾಸ್ತಿ ಜನ ಅಂದುಕೊಂಡಿರುತ್ತಾರೆ. ಇಲ್ಲ. ಕ್ಯಾಂಪಸ್ ಹಾಸ್ಟೆಲ್ ಬೇರೆ, ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ ಬೇರೆ, ಎರಡಕ್ಕೂ ಬೇರೆ ಬೇರೆ ಅರ್ಜಿ. ಸ್ಕಾಲರ್‌ಶಿಪ್‌ಗೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಮತ್ತೊಂದು. ಅದರ ದುಡ್ಡು ಆಧಾರ್ ಜೋಡಿಸಿದ ಖಾತೆಗೇ ಬರೋದು, ಬ್ಯಾಂಕಿಗೆ ಹೋಗಿ ಒಮ್ಮೆ ಕೇಳಿಬಿಡಿ.

ಕೌನ್ಸೆಲಿಂಗ್‌ಗೆ ಒರಿಜಿನಲ್ ಎಲ್ಲಾ ತಗೊಂಡು ಹೋಗಿ, ಜೊತೆಗೆ ಊರಲ್ಲೇ ಎರಡು ಮೂರು ಸೆಟ್ ಜೆರಾಕ್ಸ್ ಮಾಡಿಸಿಕೊಳ್ಳಿ. ಟಿಸಿಯನ್ನು ಕೊಡುವ ಮುಂಚೆ ಹಿಂದೆ ಮುಂದೆ ಎರಡೂ ಕಡೆ ಜೆರಾಕ್ಸ್ ಮಾಡಿಸಿ. ಸೀಟು ತಗೊಂಡ ಮೇಲೆ ಅದು ಕಚೇರಿಯಲ್ಲೇ ಉಳಿಯುತ್ತದೆ.