ಚಿಕ್ಕ ಗಾಯದ ಮಂಡಿ ಆಪರೇಷನ್: ಸರ್ಜನ್ ಹತ್ತಿರ ಏನು ಕೇಳಬೇಕು

ಅಕ್ಕಾ, ನಮ್ಮ ಕೈತೋಟದ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ಓದಿದೆ. ಎರಡೂ ಮಂಡಿ ಸವೆದಿವೆ, ಬಲಗಾಲು ಜಾಸ್ತಿ ಹೊರಕ್ಕೆ ಬಾಗಿದೆ ಅಂದಿದ್ದೀರಿ. ಒಬ್ಬ ಸರ್ಜನ್ ಚಿಕ್ಕ ಗಾಯದಲ್ಲೇ ಕೀಲು ಬದಲಾಯಿಸುತ್ತೇನೆ, ಬೇಗ ಓಡಾಡುತ್ತೀರಿ ಅಂದರು. ಇನ್ನೊಬ್ಬರು ನಾನು ಮಾಮೂಲಿ ರೀತಿಯಲ್ಲೇ ಮಾಡೋದು ಅಂದರು. ಯಾರ ಹತ್ತಿರ ಹೋಗಲಿ, ಆಮೇಲೆ ಕೈತೋಟದಲ್ಲಿ ಕೂತು ಕೆಲಸ ಮಾಡಬಹುದಾ ಅನ್ನೋದು ನಿಮ್ಮ ಚಿಂತೆ. ನಾನು ಫಿಸಿಯೋಥೆರಪಿಸ್ಟ್. ಆಪರೇಷನ್ ಆದವರನ್ನು ಮತ್ತೆ ನಡೆಸುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಚಿಕ್ಕ ಗಾಯ ಅಂದ ತಕ್ಷಣ ತುಂಬಾ ಜನ ಸಣ್ಣ ತೂತಿನಲ್ಲಿ ಕ್ಯಾಮೆರಾ ತೂರಿಸಿ ಮಾಡುವ ಕೀಹೋಲ್ ಆಪರೇಷನ್ ಅಂದುಕೊಳ್ಳುತ್ತಾರೆ. ಅದಲ್ಲ ಇದು. ಲೋಹದ ಎರಡು ಭಾಗ, ನಡುವೆ ಗಟ್ಟಿ ಪ್ಲಾಸ್ಟಿಕ್, ಇಷ್ಟೂ ಒಳಗೆ ಹೋಗಬೇಕಲ್ವಾ? ಮಾಮೂಲಿ ಆಪರೇಷನ್‌ನಲ್ಲಿ ಗಾಯ ಸುಮಾರು 15ರಿಂದ 25 ಸೆಂ.ಮೀ. ಇರುತ್ತದೆ. ಚಿಕ್ಕದು ಅಂದರೆ 10ರಿಂದ 15 ಸೆಂ.ಮೀ. ಒಳಗೆ ಹಾಕುವ ಕೀಲು ಎರಡರಲ್ಲೂ ಒಂದೇ ಥರದ್ದು. ಮೂಳೆಯ ತುದಿ ಕತ್ತರಿಸುವುದೂ ಹಾಗೆಯೇ.

ನಿಜವಾದ ವ್ಯತ್ಯಾಸ ಇರೋದು ಚರ್ಮದ ಕೆಳಗೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಒಂದು ಗಟ್ಟಿ ಪಟ್ಟಿಯಾಗಿ ಮಂಡಿ ಚಿಪ್ಪಿಗೆ ಬಂದು ಸೇರುತ್ತದೆ. ಮಾಮೂಲಿ ದಾರಿಯಲ್ಲಿ ಆ ಪಟ್ಟಿಯನ್ನು ಉದ್ದಕ್ಕೆ ಸೀಳಿ, ಚಿಪ್ಪನ್ನು ಪಕ್ಕಕ್ಕೆ ಸರಿಸುತ್ತಾರೆ. ಕೊನೆಗೆ ಹೊಲಿಯುತ್ತಾರೆ. ಸಬ್‌ವ್ಯಾಸ್ಟಸ್ ಅನ್ನುವ ದಾರಿಯಲ್ಲಿ ಒಳಬದಿಯ ಸ್ನಾಯುವನ್ನು ಕತ್ತರಿಸದೆ ಕೆಳಗಿನಿಂದ ಎತ್ತಿ ಸರಿಸುತ್ತಾರೆ. ಮಿಡ್‌ವ್ಯಾಸ್ಟಸ್‌ನಲ್ಲಿ ಆ ಸ್ನಾಯುವನ್ನು ಅದರ ಎಳೆಗಳು ಹೋಗುವ ದಿಕ್ಕಿನಲ್ಲೇ ಸ್ವಲ್ಪ ಬಿಡಿಸುತ್ತಾರೆ. ಸ್ನಾಯುವಿಗೆ ಪೆಟ್ಟು ಕಡಿಮೆಯಾದರೆ ಕಾಲನ್ನು ನೇರವಾಗಿ ಎತ್ತುವ ಶಕ್ತಿ ಬೇಗ ಬರುತ್ತದೆ. ಹೊರಗಿನ ಗಾಯ ಮಾಮೂಲಿ ಉದ್ದದ್ದೇ ಇಟ್ಟುಕೊಂಡು ಒಳಗೆ ಸಬ್‌ವ್ಯಾಸ್ಟಸ್ ದಾರಿ ಹಿಡಿಯುವ ಸರ್ಜನ್‌ಗಳೂ ಇದ್ದಾರೆ. ಅದಕ್ಕೇ "ಗಾಯ ಎಷ್ಟು ಉದ್ದ ಡಾಕ್ಟ್ರೇ" ಅಂತ ಕೇಳಿ ಸುಮ್ನಾಗಬೇಡಿ. "ಸ್ನಾಯುವನ್ನು ಹೇಗೆ ದಾಟಿ ಹೋಗುತ್ತೀರಿ" ಅಂತ ಕೇಳಿ.

ಲಾಭ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮೊದಲ ಕೆಲವು ವಾರ ನೋವು ಸ್ವಲ್ಪ ಕಡಿಮೆ ಇರಬಹುದು, ಮಂಡಿ ಬೇಗ ಮಡಚಬಹುದು. ಆದರೆ ಮೂರರಿಂದ ಆರು ತಿಂಗಳು ಕಳೆಯುವಷ್ಟರಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಇನ್ನೊಂದು ಕಡೆ, ಕಿಂಡಿ ಚಿಕ್ಕದಾದಷ್ಟೂ ಸರ್ಜನ್‌ಗೆ ಒಳಗೆ ಕಾಣುವುದು ಕಡಿಮೆ. ಕೈ ಪಳಗಿಲ್ಲದಿದ್ದರೆ ಕೀಲು ಓರೆಯಾಗಿ ಕೂರುವ ಅಪಾಯ ಇದೆ. ಜಾಸ್ತಿ ಎಳೆದು ಹಿಡಿದರೆ ಗಾಯದ ಅಂಚಿನ ಚರ್ಮ ಘಾಸಿಯಾಗಿ ಮಾಯುವುದು ತಡವಾಗುತ್ತದೆ. 2019ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, ಪೂರ್ತಿ ಬದಲಾಯಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82, ಅರ್ಧ (ಸವೆದ ಒಂದು ಬದಿ ಮಾತ್ರ) ಬದಲಾಯಿಸಿದವುಗಳಲ್ಲಿ ಸುಮಾರು 70, 25 ವರ್ಷ ಬಾಳುತ್ತವೆ. ಅಷ್ಟು ವರ್ಷ ಜೊತೆಗಿರುವ ಕೀಲು ನೆಟ್ಟಗೆ ಕೂರಬೇಕು. ಮೊದಲ ತಿಂಗಳ ಸುಖಕ್ಕಾಗಿ ಅದನ್ನು ಪಣಕ್ಕಿಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಬೇಗ ನಡೆಸುತ್ತೇವೆ ಅನ್ನೋದರ ಹಿಂದೆ ಇನ್ನೊಂದು ವಿಷಯ ಇದೆ. ಬೇಗ ನಡೆಯುವುದರ ಶ್ರೇಯಸ್ಸಿನ ದೊಡ್ಡ ಪಾಲು ಅರಿವಳಿಕೆ ಮತ್ತು ನೋವು ನಿವಾರಣೆಗೆ ಸಲ್ಲಬೇಕು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಅರಿವಳಿಕೆ, ತೊಡೆಯ ಶಕ್ತಿ ಕುಂದಿಸದೆ ಮಂಡಿಯ ನೋವು ಮಾತ್ರ ತಡೆಯುವ ನರದ ಬ್ಲಾಕ್ (ನರದ ಹತ್ತಿರ ಕೊಡುವ ಇಂಜೆಕ್ಷನ್), ಕೀಲಿನ ಸುತ್ತ ಹಾಕುವ ನೋವಿನ ಔಷಧ, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್. ಇವೆಲ್ಲ ಇದ್ದರೆ ಮಾಮೂಲಿ ಗಾಯದವರೂ ಅದೇ ದಿನ ಅಥವಾ ಮರುದಿನ ವಾಕರ್ ಹಿಡಿದು ನಿಲ್ಲುತ್ತಾರೆ. ನಿಮ್ಮ ಇಬ್ಬರೂ ಸರ್ಜನ್‌ಗಳ ಹತ್ತಿರ ಈ ವ್ಯವಸ್ಥೆ ಹೇಗಿದೆ ಅಂತ ವಿಚಾರಿಸಿ.

ಇನ್ನು ಸರ್ಜನ್ ಆಯ್ಕೆ. ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತೀರಿ, ಅದರಲ್ಲಿ ಈ ವಿಧಾನದಲ್ಲಿ ಎಷ್ಟು ಅಂತ ನೇರವಾಗಿ ಕೇಳಿ. ಸೋಂಕು ಎಷ್ಟು ಜನರಿಗೆ ಆಯಿತು, ಎಷ್ಟು ಜನರಿಗೆ ಮತ್ತೆ ಆಪರೇಷನ್ ಬೇಕಾಯಿತು, ಅದನ್ನೂ ಕೇಳಿ. ಕತ್ತಿ ಹಿಡಿಯುವುದು ನೀವೇನಾ ಅಂತ ಕೇಳೋಕೆ ಸಂಕೋಚ ಬೇಡ, ಕಾಲು ನಿಮ್ಮದು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಒಂದಿದೆ: "ಯಾವ ಪರಿಸ್ಥಿತಿಯಲ್ಲಿ ನೀವು ಗಾಯವನ್ನು ದೊಡ್ಡದು ಮಾಡುತ್ತೀರಿ?" ಒಳ್ಳೆಯ ಸರ್ಜನ್ ತಡವರಿಸದೆ ಹೇಳುತ್ತಾರೆ. ಸರಿಯಾಗಿ ಕಾಣದಿದ್ದರೆ, ಚರ್ಮ ಎಳೆದಂತಾದರೆ ದೊಡ್ಡದು ಮಾಡುತ್ತೇನೆ ಅನ್ನುತ್ತಾರೆ. "ಆ ಪ್ರಶ್ನೆಯೇ ಬರಲ್ಲ" ಅಂದವರ ಹತ್ತಿರ ನಾನಾದರೆ ಹೋಗುವುದಿಲ್ಲ. ಹಾಗೆಯೇ, ಮಾಮೂಲಿ ರೀತಿಯಲ್ಲಿ ಕೈ ಪಳಗಿದ ಸರ್ಜನ್‌ಗೆ ಚಿಕ್ಕ ಗಾಯದಲ್ಲೇ ಮಾಡಿ ಅಂತ ಒತ್ತಾಯ ಮಾಡಬೇಡಿ. ಅವರ ಕೈಗೆ ಒಗ್ಗಿದ್ದೇ ನಿಮಗೆ ಕ್ಷೇಮ.

ನಿಮ್ಮ ಬಲಗಾಲು ತುಂಬಾ ಬಾಗಿದ್ದರೆ ಚಿಕ್ಕ ಗಾಯದ ವಿಧಾನ ಹೊಂದದೇ ಇರಬಹುದು. ತೂಕ ಬಹಳ ಜಾಸ್ತಿ ಇರುವವರಿಗೆ, ಮಂಡಿ ಬಿಗಿದುಕೊಂಡಿರುವವರಿಗೆ, ಮೊದಲೇ ಅದೇ ಮಂಡಿಗೆ ದೊಡ್ಡ ಆಪರೇಷನ್ ಆದವರಿಗೂ ಅಷ್ಟೇ. ಚಿಕ್ಕ ಗಾಯ ಅಂದ ಸರ್ಜನ್ ಕಾಲಿನ ಬಾಗು ಅಳೆದು ನೋಡಿದರಾ? ನಿಂತು ತೆಗೆದ ಎಕ್ಸ್‌ರೇ ನೋಡಿದರಾ? ಮಲಗಿ ತೆಗೆದದ್ದರಲ್ಲಿ ಸವೆತ ಪೂರ್ತಿ ಗೊತ್ತಾಗುವುದಿಲ್ಲ. ಎಡಗಾಲಲ್ಲಿ ಒಳಬದಿ ಮಾತ್ರ ಸವೆದು, ಮೂಳೆಗಳನ್ನು ಹಿಡಿದಿಡುವ ಒಳಗಿನ ಲಿಗಮೆಂಟ್‌ಗಳು ಗಟ್ಟಿ ಇದ್ದರೆ, ಅರ್ಧ ಕೀಲು ಬದಲಾವಣೆ ಸಾಕಾಗುತ್ತದಾ ಅಂತಲೂ ಕೇಳಿ. ಅದರಲ್ಲಿ ಗಾಯವೂ ಚಿಕ್ಕದು, ಚೇತರಿಕೆಯೂ ಬೇಗ. ಆದರೆ ಅಪರೂಪಕ್ಕೆ ಮಾಡುವವರ ಕೈಯಲ್ಲಿ ಅದರ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ. ತಾವು ಮಾಡುವ ಐದು ಮಂಡಿಗಳಲ್ಲಿ ಒಂದಾದರೂ ಅರ್ಧ ಕೀಲಿನದ್ದಾಗಿರುವ ಸರ್ಜನ್ ಸಿಕ್ಕರೆ ಒಳ್ಳೆಯದು.

ರೋಬೋಟ್ ಬಳಸಿ ಮಾಡುವ ಆಪರೇಷನ್ ಬಗ್ಗೆಯೂ ಒಂದು ಮಾತು. ರೋಬೋಟ್ ತಾನೇ ಆಪರೇಷನ್ ಮಾಡುವುದಿಲ್ಲ. ಮೂಳೆಯನ್ನು ಲೆಕ್ಕ ಹಾಕಿದ ಹಾಗೆ ಕತ್ತರಿಸಲು ಸಹಾಯ ಮಾಡುತ್ತದೆ. ಅಳತೆ ನಿಖರವಾಗುತ್ತದೆ, ನಿಜ. ಆದರೂ ಹೊಸಬರ ರೋಬೋಟ್‌ಗಿಂತ ಅನುಭವಿಯ ಕೈ ಮೇಲೆ ನನಗೆ ನಂಬಿಕೆ ಜಾಸ್ತಿ.

ಎರಡೂ ಮಂಡಿ ಒಟ್ಟಿಗೆ ಮಾಡಿಸುವ ವಿಷಯ ನಿಮ್ಮ ಹೃದಯ, ಶ್ವಾಸಕೋಶದ ಸ್ಥಿತಿ ನೋಡಿ ಡಾಕ್ಟರ್ ಹೇಳಬೇಕು. ಅದನ್ನು ಗುಂಪಿನಲ್ಲಿ ತೀರ್ಮಾನ ಮಾಡೋದು ಬೇಡ.

ಆಪರೇಷನ್‌ಗೆ ಮೊದಲು ಸಕ್ಕರೆ ಹತೋಟಿಗೆ ಬರಲಿ. ಹಲ್ಲಿನ ಸೋಂಕು ಇದ್ದರೆ ಅದನ್ನು ಮೊದಲು ಸರಿಮಾಡಿಸಿ. ತೋಟದ ಕೆಲಸ ಮಾಡುವ ನಮಗೆ ಇನ್ನೊಂದು ಎಚ್ಚರ ಬೇಕು: ಕಾಲಿನ ಮೇಲಿನ ಮುಳ್ಳು ಗೀರು, ಬೆರಳ ಸಂದಿಯ ಹುಣ್ಣು ಪೂರ್ತಿ ಮಾಯ್ದಿರಬೇಕು. ಚಿಕ್ಕ ಗೀರು ಅಂತ ಡಾಕ್ಟರಿಂದ ಮುಚ್ಚಿಡಬೇಡಿ, ಕೀಲಿನ ಒಳಗೆ ಸೋಂಕು ಹೋದರೆ ತೆಗೆಯುವುದು ತುಂಬಾ ಕಷ್ಟ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಈಗಲೇ ಶುರು ಮಾಡಿ.

ಆಪರೇಷನ್ ಆದಮೇಲೆ ಎಲ್ಲರೂ ಮಂಡಿ ಮಡಚುವುದರ ಹಿಂದೆ ಬೀಳುತ್ತಾರೆ. ಕಾಲು ಪೂರ್ತಿ ನೇರವಾಗುವುದೂ ಅಷ್ಟೇ ಮುಖ್ಯ. ಆರಾಮ ಅನ್ನಿಸುತ್ತದೆ ಅಂತ ಮಂಡಿಯ ಕೆಳಗೆ ದಿಂಬು ಇಟ್ಟು ಮಲಗಬೇಡಿ, ಕಾಲು ಹಾಗೇ ಬಾಗಿ ನಿಂತುಬಿಡುತ್ತದೆ. ಬೇಕಿದ್ದರೆ ಹಿಮ್ಮಡಿಯ ಕೆಳಗೆ ಇಡಿ. ಊತ ಕೆಲವು ತಿಂಗಳು ಇರುತ್ತದೆ. ಗಾಯದ ಹೊರಬದಿಯಲ್ಲಿ ಚರ್ಮ ಜೋಮು ಹಿಡಿದಂತೆ ಇರುವುದೂ ಸಾಮಾನ್ಯ. ಆದರೆ ಮೀನಖಂಡ ಊದಿ ನೋವಾದರೆ, ಗಾಯ ಸೋರಿದರೆ, ಜ್ವರ ಬಂದರೆ ಆವತ್ತೇ ಸರ್ಜನ್‌ಗೆ ತಿಳಿಸಿ. ಉಸಿರು ಕಟ್ಟಿದಂತಾದರೆ ಒಂದು ಕ್ಷಣವೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ಕೊನೆಗೆ ತೋಟದ ಮಾತು. ಪೂರ್ತಿ ಬದಲಾಯಿಸಿದ ಮಂಡಿ ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಮಡಚುತ್ತದೆ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳಲು ಅದು ಸಾಲದು. ಗಾಯ ಪೂರ್ತಿ ಮಾಯ್ದ ಮೇಲೆ ಮೆತ್ತನೆ ಹಾಸಿನ ಮೇಲೆ ಮಂಡಿಯೂರಿದರೆ ಕೀಲಿಗೆ ಹಾನಿ ಇಲ್ಲ, ಆದರೆ ತುಂಬಾ ಜನರಿಗೆ ಹಿತ ಅನ್ನಿಸುವುದಿಲ್ಲ. ಚಿಕ್ಕ ಗಾಯ, ದೊಡ್ಡ ಗಾಯ, ಯಾವುದೇ ಆದರೂ ಇದು ಹೀಗೇ. ಹಾಗಾಗಿ ಆಪರೇಷನ್ ದಿನ ಗೊತ್ತಾಗುವ ಮೊದಲೇ ನಿಮ್ಮ ಕುಂಡಗಳನ್ನು ಸೊಂಟದ ಎತ್ತರಕ್ಕೆ ಏರಿಸಿಕೊಳ್ಳಿ, ಉದ್ದ ಹಿಡಿಯ ಗುದ್ದಲಿ ಮತ್ತು ಗಟ್ಟಿಯಾದ ಎತ್ತರದ ಸ್ಟೂಲ್ ತಂದಿಟ್ಟುಕೊಳ್ಳಿ. ಸರ್ಜನ್ ಕೊಟ್ಟ ಉತ್ತರಗಳನ್ನು ಇಲ್ಲಿ ಬರೆದರೆ ಒಟ್ಟಿಗೆ ಕೂತು ನೋಡೋಣ.