ಡಾಕ್ಟರು ಐದು ಮಂದಿ, ಫೈಲು ಯಾರ ಹತ್ತಿರ?

ರಾಣೆಬೆನ್ನೂರಿನ ಓದುಗರೊಬ್ಬರ ಪತ್ರ ಬಂದಿದೆ. ಅವರ ಅವ್ವನಿಗೆ ಶುಗರ್, ಬಿ.ಪಿ., ಜೊತೆಗೆ ಮೊಣಕಾಲು ನೋವು. ಹುಬ್ಬಳ್ಳಿಯಲ್ಲಿ ಐದು ಡಾಕ್ಟರು ಸೇರಿ ನಡೆಸುವ ದವಾಖಾನೆಗೆ ತೋರಿಸುತ್ತಾರೆ. ಹೋದಾಗಲೆಲ್ಲ ಬೇರೆ ಡಾಕ್ಟರು, ಮತ್ತೆ ಮೊದಲಿನಿಂದ ಕಥೆ. ಒಮ್ಮೆ ಇಬ್ಬರು ಒಂದೇ ಗುಳಿಗೆಯನ್ನು ಬೇರೆ ಬೇರೆ ಹೆಸರಲ್ಲಿ ಬರೆದಿದ್ದರಂತೆ. ಔಷಧ ಅಂಗಡಿಯವರು ಹೇಳಿದ ಮೇಲೆಯೇ ಗೊತ್ತಾಯಿತು. "ಇದಕ್ಕಿಂತ ನಮ್ಮೂರಿನ ಒಬ್ಬ ಡಾಕ್ಟರೇ ವಾಸಿ ಅಲ್ವಾ?" ಎಂದು ಕೇಳಿದ್ದಾರೆ.

ನಿಮ್ಮ ಸಿಟ್ಟಿಗೆ ಕಾರಣವಿದೆ. ಆದರೆ ಡಾಕ್ಟರು ಜಾಸ್ತಿ ಇರುವುದೇ ತೊಂದರೆ ಅಂತ ನನಗೆ ಅನ್ನಿಸುವುದಿಲ್ಲ. ಕೆಲವು ಕಡೆ ಕಟ್ಟಡದ ಬಾಡಿಗೆ, ಲ್ಯಾಬು, ಎಕ್ಸ್‌ರೇ ಯಂತ್ರ ಎಲ್ಲ ಹಂಚಿಕೊಂಡಿರುತ್ತಾರೆ, ಪೇಷಂಟಿನ ಫೈಲನ್ನು ಮಾತ್ರ ಹಂಚಿಕೊಂಡಿರುವುದಿಲ್ಲ. ಅಂಥದ್ದು ಒಂದೇ ಬೋರ್ಡಿನ ಕೆಳಗಿರುವ ಐದು ದವಾಖಾನೆ, ಅಷ್ಟೇ.

ಶುಗರ್ ಗುಳಿಗೆಯಲ್ಲಿ ನೀವು ಹೇಳಿದಂಥದ್ದು ಸುಲಭವಾಗಿ ಆಗುತ್ತದೆ. ಒಬ್ಬರು ಬರೀ ಮೆಟ್‌ಫಾರ್ಮಿನ್ ಬರೆದಿರುತ್ತಾರೆ. ಇನ್ನೊಬ್ಬರು ಗ್ಲಿಮೆಪಿರೈಡ್ ಜೊತೆ ಮೆಟ್‌ಫಾರ್ಮಿನ್ ಸೇರಿರುವ ಗುಳಿಗೆ ಬರೆಯುತ್ತಾರೆ. ಗುಳಿಗೆ ಪಟ್ಟಿಯ ಮೇಲೆ ಕಂಪನಿ ಇಟ್ಟ ಹೆಸರು ಬೇರೆ ಬೇರೆ, ಒಳಗಿರುವ ಔಷಧದ ಹೆಸರೂ ಅಲ್ಲೇ ಬರೆದಿರುತ್ತದೆ. ಅದನ್ನು ಓದುವವರು ಯಾರು?

ಮೊಣಕಾಲಿನದು ಇನ್ನೂ ಸೂಕ್ಷ್ಮ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಬಿ.ಪಿ. ಏರಿಸಬಲ್ಲದು, ಕಿಡ್ನಿಗೂ ತೊಂದರೆ ಕೊಡಬಲ್ಲದು. ಬಿ.ಪಿ. ನೋಡುವ ಡಾಕ್ಟರಿಗೆ ಆ ಗುಳಿಗೆಯ ಸುದ್ದಿಯೇ ಗೊತ್ತಿಲ್ಲದಿದ್ದರೆ ಏನು ಮಾಡುತ್ತಾರೆ? ಬಿ.ಪಿ. ಔಷಧದ ಡೋಸ್ ಏರಿಸುತ್ತಾರೆ. ಇಬ್ಬರೂ ತಮ್ಮ ತಮ್ಮ ಪಾಲಿನ ಕೆಲಸ ಸರಿಯಾಗಿಯೇ ಮಾಡಿದ್ದಾರೆ, ಅನುಭವಿಸುವವರು ಮಾತ್ರ ಅವ್ವ.

ಇದೇ ಐವರು ಮನಸ್ಸು ಮಾಡಿದರೆ ಒಬ್ಬ ಡಾಕ್ಟರಿಂದ ಆಗದ ಕೆಲಸ ಮಾಡಬಹುದು. ಪ್ರತಿ ಪೇಷಂಟಿಗೆ ಒಬ್ಬರು ಮುಖ್ಯ ಡಾಕ್ಟರು ಅಂತ ಇರಲಿ. ಬೇರೆಯವರು ಬರೆದ ಗುಳಿಗೆಯೂ ಅವರ ಕಣ್ಣಿಗೆ ಬೀಳಲಿ. ತಿಂಗಳಿಗೊಮ್ಮೆ ಐದೂ ಜನ ಕೂತು ಒಂದಷ್ಟು ಫೈಲು ತೆಗೆದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಲಿ. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಯಾರಿಗೆ ಆಗಿಲ್ಲ, ಯಾರದು ಇಳಿದೇ ಇಲ್ಲ ಎಂದು ಪಟ್ಟಿ ಮಾಡಿದರೆ ತಮ್ಮ ದವಾಖಾನೆಯ ಗುಣಮಟ್ಟ ಅವರಿಗೇ ಕಾಣುತ್ತದೆ. ರಿಪೋರ್ಟಿನಲ್ಲಿ ಏರುಪೇರಿದ್ದರೆ ಮನೆಗೆ ಫೋನ್ ಮಾಡುವುದು ಯಾರು ಅನ್ನುವುದೂ ಮೊದಲೇ ಗೊತ್ತಿರಬೇಕು. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ಯಂತ್ರ ಬಂದರೆ ಬಾಗಿಲಿಗೆ ಬ್ಯಾನರ್ ಕಟ್ಟುತ್ತಾರೆ, ಫೈಲು ನೆಟ್ಟಗಾದರೆ ಯಾರೂ ಕಟ್ಟುವುದಿಲ್ಲ!

ನಿಯಮಗಳೂ ನಿಮ್ಮ ಕಡೆಗೇ ಇವೆ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ ಪ್ರಕಾರ ಪೇಷಂಟ್ ತಮ್ಮ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 2016ರ ತಿದ್ದುಪಡಿಯಂತೆ ಔಷಧದ ಮೂಲ ಹೆಸರನ್ನು ಓದಲು ಬರುವ ಹಾಗೆ, ಆದಷ್ಟೂ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಬೇಕು. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. 2017ರಲ್ಲಿ ತಿದ್ದುಪಡಿಯಾದಾಗ ರೋಗಿಗಳ ಹಕ್ಕುಗಳೂ ಅದರಲ್ಲಿ ಸೇರಿದವು. ಆದರೂ ಕಾಯ್ದೆ ಹಿಡಿದುಕೊಂಡು ಜಗಳಕ್ಕೆ ಹೋಗಿ ಅಂತ ನಾನು ಹೇಳುವುದಿಲ್ಲ. ಪಾಳಿ ಹಚ್ಚಿ ಒಳಗೆ ಹೋದಾಗ ಸಿಗುವುದು ಐದು ನಿಮಿಷ, ಅದನ್ನು ಜಗಳದಲ್ಲಿ ಯಾಕೆ ಕಳೆಯಬೇಕು?

ಮುಂದಿನ ಸಲ ಅವ್ವ ನುಂಗುವ ಗುಳಿಗೆಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ. ನೋವಿನ ಗುಳಿಗೆ, ಆಯುರ್ವೇದದ್ದು, ಪಕ್ಕದ ಮನೆಯವರು ಹೇಳಿದ್ದು, ಎಲ್ಲವೂ ಇರಲಿ. ಟೇಬಲ್ ಮೇಲೆ ಸುರುವಿ, "ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ, ಒಂದೇ ಹಾಳೆಯಲ್ಲಿ ಬರೆದುಕೊಡಿ ಸರ್" ಎಂದು ಕೇಳಿ. ಅಲ್ಲಿಯವರೆಗೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಒಂದೇ ಔಷಧ ಎರಡಾಗಿದೆ ಎಂಬ ಅನುಮಾನ ಬಂದರೆ ಮಾತ್ರ ಕಾಯದೆ ಅಂದೇ ಫೋನ್ ಮಾಡಿ. ಇನ್ನು ಮೇಲೆ ಅವ್ವನನ್ನು ನೋಡುವ ಮುಖ್ಯ ಡಾಕ್ಟರು ಯಾರು ಅಂತಲೂ ಕೇಳಿ. ಹೆಸರು ಹೇಳಿದರೆ ಅಲ್ಲೇ ಮುಂದುವರಿಸಿ. "ಯಾರಾದರೂ ನೋಡ್ತಾರೆ ಬಿಡಿ" ಅಂದರೆ ಫೈಲಿನ ನಕಲು ತೆಗೆದುಕೊಂಡು ರಾಣೆಬೆನ್ನೂರಿನ ನಿಮ್ಮ ಡಾಕ್ಟರ ಹತ್ತಿರವೇ ತೋರಿಸಿ. ಹುಬ್ಬಳ್ಳಿಗೆ ಯಾವಾಗ ಹೋಗಬೇಕು ಅನ್ನುವುದನ್ನು ಅವರೇ ಹೇಳಲಿ.

- ಸಂಪಾದಕ