ಮಕ್ಕಳ ಲೈಂಗಿಕ ಸೋಂಕಿನ ಜಿಲ್ಲಾವಾರು ಲೆಕ್ಕ ಯಾಕೆ ಸಿಗುವುದಿಲ್ಲ?

ಗದಗ, ಹಾವೇರಿಯಂಥ ಒಂದೊಂದು ಜಿಲ್ಲೆಯಲ್ಲಿ ಎಷ್ಟು ಮಕ್ಕಳಿಗೆ ಲೈಂಗಿಕವಾಗಿ ಹರಡುವ ಸೋಂಕು ತಗಲಿದೆ ಎಂಬ ಅಂಕಿ ಬೇಕಿದ್ದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹುಡುಕಬೇಡಿ. ಅದು ಈ ಸೋಂಕಿನ ಬಗ್ಗೆ ಕೇಳುವುದು 15 ವರ್ಷ ತುಂಬಿದವರನ್ನಷ್ಟೇ.

ಲೆಕ್ಕ ಸೋರುವುದು ಹುಟ್ಟಿನ ಹೊತ್ತಿಗೇ ಶುರು. ಸಿಫಿಲಿಸ್ ಎಂಬ ಲೈಂಗಿಕ ಸೋಂಕು ತಾಯಿಯಿಂದ ಹೊಟ್ಟೆಯಲ್ಲಿರುವ ಕೂಸಿಗೂ ತಗಲಬಹುದು. ಆದರೆ ಕೂಸಿಗೆ ಸೋಂಕು ತಗಲದಿದ್ದರೂ ತಾಯಿಯ ಸಿಫಿಲಿಸ್ ಪ್ರತಿಕಾಯಗಳು (ಸೋಂಕಿನ ವಿರುದ್ಧ ದೇಹ ತಯಾರಿಸುವ ವಸ್ತು) ಕೂಸಿನ ರಕ್ತಕ್ಕೂ ದಾಟುತ್ತವೆ. ಹಾಗಾಗಿ ಕೂಸಿನ ವಿಡಿಆರ್‌ಎಲ್ (ಸಿಫಿಲಿಸ್ ರಕ್ತಪರೀಕ್ಷೆ) ಬರೀ ‘ಪಾಸಿಟಿವ್’ ಎಂದು ಬರೆದರೆ ಉಪಯೋಗವಿಲ್ಲ, ಟೈಟರ್ (ರಕ್ತವನ್ನು ಎಷ್ಟು ಪಟ್ಟು ತೆಳು ಮಾಡಿದರೂ ಪ್ರತಿಕಾಯ ಕಾಣುತ್ತದೆ ಎಂಬ ಅಂಕಿ) ಬೇಕು. ತಾಯಿಯದು 1:8, ಕೂಸಿನದು 1:32, ಅಂದರೆ ನಾಲ್ಕು ಪಟ್ಟಾದರೆ ಸೋಂಕು ಕೂಸಿನದೇ. (ಕಡಿಮೆಯಿದ್ದ ಮಾತ್ರಕ್ಕೆ ಸೋಂಕಿಲ್ಲ ಎನ್ನಲಾಗದು.) ಹೆರಿಗೆಗೆ ತವರಿಗೆ ಹೋದವರ ತಾಯಿ ಕಾರ್ಡಿನಲ್ಲಿ (ಬಸಿರಿನ ತಪಾಸಣೆಯ ದಾಖಲೆ) ಆ ಅಂಕಿಯೇ ಇರದಿದ್ದರೆ ಹೋಲಿಸುವುದು ಯಾವುದಕ್ಕೆ? ಸತ್ತು ಹುಟ್ಟಿದ ಕೂಸಿನ ಕಾರಣ ಪರೀಕ್ಷಿಸದಿದ್ದರೆ ಅದೂ ಲೆಕ್ಕ ತಪ್ಪಿತು.

ದೊಡ್ಡ ಮಕ್ಕಳಲ್ಲಿ ಸೋಂಕು ಕಂಡು ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಆದರೆ ಪೋಕ್ಸೊ ಪ್ರಕರಣಗಳ ಸಂಖ್ಯೆಯನ್ನು ಸೋಂಕಿನ ಸಂಖ್ಯೆಯೆಂದು ಓದಬೇಡಿ.